ಒಂದು ಮಡಿಲು ದರಕು

“ಮನೇಲಿ ಚಾ ಕುಡೀತಾ ಕೂತು ಬರೆದ ನಂಬರು ಇದು,” ಎಂದು ಶ್ರೀನಾಥ ನನ್ನ ನೋಟ್‌ಬುಕ್ಕನ್ನು ಮೇಜಿನ ಮೇಲೆ ಎಸೆದ. “ಒಂದು ಬಲೇಲಿ ಎಂಬತ್ತೆಂಟು ಗ್ರಾಂ ಎಲೆ. ಪಕ್ಕದ ಬಲೇಲಿ ನಾನೂರ ಎಪ್ಪತ್ತೊಂದು. ಹುಚ್ಚು ಹಿಡಿದದ್ದು ಮರಕ್ಕಾ, ನಿಮಗಾ?”

“ಮರಕ್ಕೆ ಅಂತಾದ್ರೆ ಮರನೇ ಕೇಳಿ,” ಎಂದೆ. “ಬಲೇಲಿ ಬಿದ್ದದ್ದು ನಾ ತಂದೆ. ತೂಗಿದ್ದು ನಿಮ್ಮ ತಕ್ಕಡಿ. ಬಯ್ಯೂದಿದ್ರೆ ಅದಕ್ಕೆ ಬಯ್ಯಿರಿ.”

“ಶುಕ್ರಣ್ಣ, ಆರು ವರ್ಷ ನಿಮ್ಮನ್ನ ನಂಬಿದ್ದೆ.”

“ನಂಬಿ ಎಂತ ಉಪಕಾರ ಮಾಡಿದ್ರಿ? ಗುಡ್ಡ ಹತ್ತಿದ್ದು ನಾನು.”

ಇದು ನಡೆದದ್ದು ಕುಮಟಾ ಪೇಟೆಯಲ್ಲಿ, ಕಾಡಿನ ಲೆಕ್ಕ ಇಡುವ ಸಂಸ್ಥೆಯವರು ಬಾಡಿಗೆಗೆ ಹಿಡಿದಿದ್ದ ಎರಡು ಕೋಣೆಯ ಆಫೀಸಿನಲ್ಲಿ, 2024ರ ಏಪ್ರಿಲ್ ಮೊದಲ ವಾರ. ತಲೆಯ ಮೇಲಿನ ಫ್ಯಾನು ಸೆಖೆಯನ್ನೇ ಕಲಕುತ್ತಿತ್ತು. ಶ್ರೀನಾಥ ಹೊನ್ನಾವರದವನು, ನನಗಿಂತ ಹದಿನೈದು ವರ್ಷ ಚಿಕ್ಕವನು, ಕಾಡಿನ ಬಗ್ಗೆ ದೊಡ್ಡ ಓದು ಓದಿ ಬಂದವನು. ನಾನು ಬಾಡ ಎಂಬ ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಗೆ ನಿಂತವನು. ಅಂಕೆ ಬರೆಯಲು ಅಷ್ಟು ಸಾಕು. ನಾನು ಬರೆದ ಐದು ಯಾರಿಗೂ ಆರಿನ ಹಾಗೆ ಕಂಡದ್ದಿಲ್ಲ. ನನ್ನ ಸಿಟ್ಟಿನ ಬಗ್ಗೆ ಊರಲ್ಲಿ ಯಾರು ಏನೇ ಹೇಳಲಿ, ನನ್ನ ಲೆಕ್ಕದ ಬಗ್ಗೆ ಹೇಳಿದವರಿಲ್ಲ. ಅದನ್ನೇ ಅವನು ಅಂದು ಹೇಳಿದ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮೂರ ಹಿಂದಿನ ಗುಡ್ಡದಲ್ಲಿ ಎರಡೂವರೆ ಎಕರೆ ಜಾಗಕ್ಕೆ ಸುತ್ತ ಹಳದಿ ಹಗ್ಗ ಕಟ್ಟಿದ್ದರು. ಒಳಗೆ ಮತ್ತಿ, ಹೊನ್ನೆ, ಜಂಬೆ, ನಂದಿ ಮರಗಳ ಕೆಳಗೆ ಇಪ್ಪತ್ತು ಬಲೆಗಳು. ಒಂದೊಂದು ಬಲೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ನಾಲ್ಕು ಗೂಟಕ್ಕೆ ಸೊಂಟದ ಎತ್ತರದಲ್ಲಿ ಕಟ್ಟಿದ್ದು. ಮೇಲಿಂದ ಉದುರಿದ ಎಲೆ ಅದರಲ್ಲಿ ಬೀಳುತ್ತದೆ. ಹದಿನೈದು ದಿನಕ್ಕೊಮ್ಮೆ ನಾನು ಅದನ್ನು ಬಾಚಿ, ಬಲೆಗೊಂದರಂತೆ ಕಾಗದದ ಚೀಲದಲ್ಲಿ ತುಂಬಿ, ನಂಬರು ಬರೆದು, ಬಸ್ಸಿನಲ್ಲಿ ಕುಮಟಾಕ್ಕೆ ತರಬೇಕು. ಇಲ್ಲಿ ಕರೆಂಟಿನ ಒಲೆಯಲ್ಲಿ ಒಣಗಿಸಿ, ತೂಗಿ, ನಾನೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮರಗಳ ಸೊಂಟಕ್ಕೆ ಉಕ್ಕಿನ ಪಟ್ಟಿಯೂ ಇದೆ; ಮರ ಎಷ್ಟು ದಪ್ಪವಾಯಿತು ಎಂದು ಅದರಲ್ಲಿ ಓದಬೇಕು. ಒಂದು ಮೂಲೆಯಲ್ಲಿ, ತಂತಿಬೇಲಿಯೊಳಗೆ, ಮಣ್ಣಿಗೆ ಬಡಿದ ಪ್ಲಾಸ್ಟಿಕ್ ಬಳೆಗಳಿವೆ. ಅವುಗಳ ಮೇಲೆ ಒಂದು ಯಂತ್ರ ಮುಚ್ಚಿದರೆ ಮಣ್ಣು ಬಿಡುವ ಉಸಿರು ಎಷ್ಟೆಂದು ತೋರಿಸುತ್ತದೆ.

ಮೊದಲ ವರ್ಷ ಶ್ರೀನಾಥ ಬಂಡೆಯ ಮೇಲೆ ಕೂತು ಇದೆಲ್ಲ ಯಾಕೆಂದು ಬಿಡಿಸಿ ಹೇಳಿದ್ದ. ಆಗ ಅವನು ಒಳ್ಳೆಯವನಾಗಿದ್ದ. ಮಳೆಗಾಲದಲ್ಲಿ ಮರ ಗಾಳಿಯಲ್ಲಿರುವ ಇಂಗಾಲವನ್ನು ತಿಂದು ಎಲೆ, ಕಾಂಡ, ಬೇರು ಮಾಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಎಲೆ ಉದುರುತ್ತದೆ, ಮಳೆ ಬಿದ್ದ ಮೇಲೆ ಕೊಳೆಯುತ್ತದೆ, ತಿಂದ ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ. ಮಳೆ ಸರಿಯಾಗಿ ಬಂದ ವರ್ಷ ಗುಡ್ಡ ತಿಂದದ್ದು ಹೆಚ್ಚು, ಬಿಟ್ಟದ್ದು ಕಡಿಮೆ. ಮಳೆ ಕೈಕೊಟ್ಟು ಸೆಖೆ ಏರಿದ ವರ್ಷ ಮರ ಬೇಗ ಎಲೆ ಕಳಚುತ್ತದೆ, ದಪ್ಪವಾಗುವುದನ್ನು ನಿಲ್ಲಿಸುತ್ತದೆ. ಆದರೆ ಅದರ ಉಸಿರಾಟ ನಿಲ್ಲುವುದಿಲ್ಲ, ಮಣ್ಣಿನದೂ ನಿಲ್ಲುವುದಿಲ್ಲ. ಅಂಥ ವರ್ಷದಲ್ಲಿ ಈ ಗುಡ್ಡ ತಿನ್ನುವ ಗುಡ್ಡವೋ, ಬಿಡುವ ಗುಡ್ಡವೋ? ಅದು ಗೊತ್ತಾಗಬೇಕು ಎಂದಿದ್ದ. ಅದಕ್ಕೆ ಮೊದಲು ನಾಲ್ಕೈದು ಸರಿಯಾದ ವರ್ಷಗಳ ಲೆಕ್ಕ ಬೇಕು, ಆಮೇಲೆ ಒಂದು ಕೆಟ್ಟ ವರ್ಷ ಬೇಕು.

ಕೆಟ್ಟ ವರ್ಷ ಬಂತು. 2023ರ ಆಗಸ್ಟಿನಲ್ಲಿ ಮಳೆ ಓಡಿಹೋಯಿತು. ಗದ್ದೆಯ ಬತ್ತ ಜೊಳ್ಳಾಯಿತು. ಡಿಸೆಂಬರಿನಲ್ಲೇ ಮತ್ತಿ ಮರಗಳು ಬೋಳಾಗತೊಡಗಿದವು. ಊರವರೆಲ್ಲ ಆಕಾಶಕ್ಕೆ ಬಯ್ಯುತ್ತಿದ್ದಾಗ ಶ್ರೀನಾಥನೊಬ್ಬ ಗುಡ್ಡ ಹತ್ತಿ ಬಂದು ಒಣಗಿದ ಮರಗಳನ್ನು ನೋಡಿ ಖುಷಿಯಲ್ಲಿ ಕೈ ಉಜ್ಜಿಕೊಂಡ. ನನಗೆ ಅಂದೇ ಅವನ ಮೇಲೆ ಸಿಟ್ಟು ಬಂದಿತ್ತು, ನುಂಗಿಕೊಂಡಿದ್ದೆ.

ಸಂಸ್ಥೆಗೆ ಇಂಥವು ಮೂರು ಜಾಗ ಇದ್ದವು. ಅಪ್ಸರಕೊಂಡದ ಹತ್ತಿರದ್ದರಲ್ಲಿ ಜಲಪಾತ ನೋಡಲು ಬಂದವರು ಬಲೆಯ ಮೇಲೆ ಒದ್ದೆ ಚಡ್ಡಿ ಒಣಹಾಕಿ, ಬಿಸ್ಕಿಟಿನ ಕಾಗದ ತುಂಬಿ ಹಾಳು ಮಾಡಿದರು. ಭಟ್ಕಳದ ಕಡೆ ತೆಂಗಿನಗುಂಡಿಯ ಹಿಂದಿನದರಲ್ಲಿ ಬಲೆಗಳೇ ಉಳಿಯಲಿಲ್ಲ. ಗಾಳಿಗೆ ಹೋದವೋ, ಮೀನು ಒಣಗಿಸಲು ಹೋದವೋ ಗೊತ್ತಿಲ್ಲ. ಆರು ವರ್ಷ ಮುರಿಯದೆ ನಡೆದದ್ದು ನನ್ನದೊಂದೇ. ವರ್ಷದ ಎಲೆಯಲ್ಲಿ ಮುಕ್ಕಾಲು ಪಾಲು ಬೀಳುವುದು ಫೆಬ್ರವರಿ, ಮಾರ್ಚಿನಲ್ಲಿ. ಆ ಎರಡು ತಿಂಗಳ ನಂಬರೇ ಸುಳ್ಳೆಂದಾದರೆ ಕೆಟ್ಟ ವರ್ಷ ಹೋಯಿತು. ಕೆಟ್ಟ ವರ್ಷ ಹೋದರೆ ಹಿಂದಿನ ಐದು ವರ್ಷ ಗುಡ್ಡ ಹತ್ತಿದ್ದು ಬರೀ ಕಾಲುನೋವು.

ಆ ದಿನ ಆಫೀಸಿನಲ್ಲಿ ನಾನು ಇನ್ನೂ ಏನೇನೋ ಅಂದೆ. ಅವನೂ ಅಂದ. ಕೊನೆಗೆ, ತೂಗಿದ ಚೀಲಗಳನ್ನು ಎಸೆದಿಲ್ಲವಲ್ಲ, ನನ್ನ ಮುಂದೆ ಸುರಿಯಿರಿ ಎಂದೆ. ಅವನು ಒಳಗಿಂದ ತಂದು ನೆಲಕ್ಕೆ ಸುರಿದ. ನಾನು ಕುಕ್ಕರುಗಾಲಲ್ಲಿ ಕೂತು ಎಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಎರಡು ನಿಮಿಷ ಸಾಕಾಯಿತು. ಮೇಲಿಂದ ನೇರ ಬಲೆಗೆ ಬಿದ್ದ ಎಲೆ ಸ್ವಚ್ಛ ಇರುತ್ತದೆ. ಇಲ್ಲಿ ಅರ್ಧಕ್ಕರ್ಧ ಎಲೆಯ ಅಡಿಯಲ್ಲಿ ಕೆಂಪು ಮಣ್ಣಿನ ಹುಡಿ. ನಂದಿ ಮರದ ಕೆಳಗಿನ ಬಲೆಯಲ್ಲಿ ಕೌಲು ಎಲೆ. ಆ ಬಲೆಯ ಐವತ್ತು ಮಾರಿನೊಳಗೆ ಕೌಲು ಮರವೇ ಇಲ್ಲ. ಯಾರೋ ನೆಲದಿಂದ ಗುಡಿಸಿದ ದರಕನ್ನು, ಅಂದರೆ ಒಣಗಿದ ತರಗೆಲೆಯನ್ನು, ತಂದು ಬಲೆಗೆ ತುಂಬಿದ್ದಾರೆ.

ಯಾರೆಂದು ನನಗೆ ಅಲ್ಲಿಯೇ ಹೊಳೆಯಿತು. ಶ್ರೀನಾಥನಿಗೆ ಹೇಳಲಿಲ್ಲ. ಭಾನುವಾರ ಗುಡ್ಡಕ್ಕೆ ಬನ್ನಿ, ಹಾಕಿದವರನ್ನೇ ನಿಲ್ಲಿಸುತ್ತೇನೆ ಎಂದಷ್ಟೇ ಹೇಳಿ ಬಸ್ಸು ಹಿಡಿದೆ.

ಗುಡ್ಡದ ಬುಡದಲ್ಲಿರುವುದು ನನ್ನ ಅಕ್ಕ ಗಣಪಿಯ ಮನೆ. ಅರವತ್ತು ದಾಟಿದವಳು. ಊರೊಳಗೇ ಮದುವೆಯಾಗಿ, ಊರೊಳಗೇ ಇದ್ದು, ಊರಿನ ದರಕಿನ ಪಾಲುಗಳಿಗೆಲ್ಲ ಹಿರಿಯಳಾದವಳು. ನಾನು ಅಂಗಳಕ್ಕೆ ಕಾಲಿಡುವಾಗಲೇ ಕೂಗುತ್ತ ಹೋದೆ. ಅವಳು ಎಮ್ಮೆಗೆ ಅಕ್ಕಚ್ಚು ಇಡುತ್ತಿದ್ದಳು. ತಿರುಗಿಯೂ ನೋಡದೆ, ಹೌದು, ನಾನೇ ಹಾಕಿದ್ದು ಎಂದಳು.

“ಎಂತಕೆ ಹಾಕ್ದೆ?”

“ಹಾಕದೆ? ಒಯ್ದ ಮೇಲೆ ಪಾಲು ಬಿಡೂಕೆ ಬೇಡ್ವಾ? ನಿನ್ನ ಬಲೆ ಅಂತ ಬಲೇಲೇ ಬಿಟ್ಟೆ. ನೆಲಕ್ಕೆ ಹಾಕಿದ್ರೆ ಗಾಳಿಗೆ ಹೋತಿತ್ತು.”

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಗುಡ್ಡದಲ್ಲಿ ಒಂದೊಂದು ಮನೆಗೂ ದರಕು ಗುಡಿಸಲು ಒಂದೊಂದು ಪಾಲು ಇದೆ. ಕಾಗದ ಪತ್ರ ಇಲ್ಲ, ಮರಗಳೇ ಗಡಿ. ಗುಡಿಸಿದ್ದನ್ನು ಕೊಟ್ಟಿಗೆಗೆ ಹಾಸುತ್ತಾರೆ, ಅದು ಸೆಗಣಿಯೊಂದಿಗೆ ಗೊಬ್ಬರ ಗುಂಡಿಗೆ ಹೋಗುತ್ತದೆ, ಗುಂಡಿಯಿಂದ ಗದ್ದೆಗೆ. ತನ್ನ ಪಾಲಿನಲ್ಲಿ ಸಾಲದೆ ಬಂದರೆ ಇನ್ನೊಬ್ಬರ ಪಾಲಿಗೆ ಹೋಗಬಹುದು, ಕೇಳಬೇಕೆಂದಿಲ್ಲ. ಆದರೆ ಬರುವಾಗ ಆ ಪಾಲಿನವರಿಗೆಂದು ಗುಡಿಸಿದ್ದರಲ್ಲಿ ಸ್ವಲ್ಪ ಸೀರೆಯ ಮಡಿಲಿನಲ್ಲಿ ಅಳೆದು ಮರದ ಬುಡದಲ್ಲಿ ಬಿಟ್ಟು ಬರಬೇಕು. ಪಾಲು ಬಿಡುವುದು ಎಂದರೆ ಇದು. ಎಲ್ಲಿ ಎಷ್ಟು ಮಡಿಲು ಎಂದು ಹಿರಿಯವಳು ನೋಡಿ ತೀರ್ಮಾನಿಸುತ್ತಾಳೆ. ಅವಳು ಪಾಲು ಬಿಡುವಾಗ ಉಳಿದ ಹೆಂಗಸರು ಹೆಡಿಗೆ ಹೊತ್ತು ಮುಂದೆ ನಡೆಯಬೇಕು, ತಿರುಗಿ ನೋಡುವಂತಿಲ್ಲ. ನೋಡಿದರೆ ಲೆಕ್ಕ ಮಾಡಿದ ಹಾಗೆ, ಲೆಕ್ಕ ಮಾಡಿದರೆ ಹಿರಿಯವಳನ್ನು ನಂಬದ ಹಾಗೆ.

ಹಗ್ಗ ಕಟ್ಟಿದಾಗ ಒಳಗೆ ಕಾಲಿಡಬೇಡಿ ಎಂದು ನಾನೇ ಮನೆ ಮನೆಗೆ ಹೇಳಿ ಬಂದಿದ್ದೆ. ಐದು ವರ್ಷ ಯಾರೂ ಇಡಲಿಲ್ಲ. ಈ ವರ್ಷ ಅಕ್ಕ ಇಟ್ಟಳು. ಯಾಕೆಂದು ಬಯ್ಗುಳದ ನಡುವೆಯೇ ಹೇಳಿದಳು. ಬತ್ತ ಹೋದದ್ದರಿಂದ ಹುಲ್ಲಿಲ್ಲ. ಇದ್ದ ಹುಲ್ಲು ಎಮ್ಮೆಯ ಬಾಯಿಗೇ ಸಾಲದು, ಕೊಟ್ಟಿಗೆಗೆ ಹಾಸಲು ದರಕೇ ಬೇಕು. ಆ ದರಕು ಪ್ರತಿ ವರ್ಷ ಬೀಳುವ ಹೊತ್ತಿಗೆ ಬೀಳಲಿಲ್ಲ. ಹೆಂಗಸರೆಲ್ಲ ಈರುಳ್ಳಿ ಸಸಿ ನೆಡಲು ಗದ್ದೆಯಲ್ಲಿ ಬಗ್ಗಿದ್ದಾಗ ಮೇಲಿನ ಮರಗಳು ಹೇಳದೆ ಕೇಳದೆ ಉದುರಿಸಿಬಿಟ್ಟವು. ಇವರು ಹೆಡಿಗೆ ಹಿಡಿದು ಹತ್ತುವಷ್ಟರಲ್ಲಿ ಗಾಳಿ ಅದನ್ನು ಹಳ್ಳಕ್ಕೆ ತಳ್ಳಿತ್ತು. ಹಗ್ಗದ ಒಳಗೆ ಮಾತ್ರ, ವರ್ಷಗಟ್ಟಲೆ ಗುಡಿಸದ ದರಕು, ಹಿಮ್ಮಡಿ ಮುಳುಗುವಷ್ಟು.

ಅದು ನನಗೂ ಅರ್ಥವಾಗುವ ಮಾತೇ. ಆದರೂ ನಾನು ಕೂಗಿದೆ. ನಿನ್ನಿಂದ ಆರು ವರ್ಷದ ಕೆಲಸ ಮಣ್ಣಾಯಿತು ಎಂದೆ. ಗುಡ್ಡ ಎಷ್ಟು ತಿಂದಿತು, ಎಷ್ಟು ಬಿಟ್ಟಿತು ಎಂದು ನೋಡುವುದಕ್ಕೆ ಅಲ್ಲಿ ಬಲೆ ಕಟ್ಟಿದ್ದು ಎಂದೆ.

“ನಾ ಒಯ್ದದ್ದು ನಾ ತಿಂದ್ನಾ?” ಎಂದಳು ಅಕ್ಕ. “ನನ್ನ ಗುಂಡೀಲಿ ಕೊಳೀತಾ ಅದೆ. ಅಲ್ಲಿದ್ರೂ ಕೊಳೀತಿತ್ತು. ಹೋಗಿ ನಿನ್ನ ಯಂತ್ರ ಅಲ್ಲಿ ಮುಚ್ಚಿ ನೋಡು, ನಿನ್ನ ಗುಡ್ಡದ ಉಸಿರು ಸಿಕ್ತದೆ.”

ಮಾತಿಗೆ ಸೋತಾಗ ನಾನು ಇನ್ನೂ ದೊಡ್ಡದಾಗಿ ಕೂಗುತ್ತೇನೆ. ಅವಳು ಕೊಟ್ಟಿಗೆ ಮುಗಿಸಿ, ಕೈ ತೊಳೆದು, ನನ್ನ ಗಂಟಲು ಒಣಗುವವರೆಗೆ ಕಾದಳು. ಆಮೇಲೆ ಕೇಳಿದಳು, ಈಗ ಎಂತ ಮಾಡಬೇಕು ಎಂದು. ಯಾವ ಬಲೆಗೆ ಎಷ್ಟು ಮಡಿಲು ಬಿಟ್ಟದ್ದು ಎಂದು ನೆನಪಿದೆಯಾ ಎಂದೆ. ಅವಳು ನನ್ನನ್ನು ನೋಡಿದ ನೋಟ, ನಿನಗೆ ಎಷ್ಟು ಬೆರಳಿವೆ ಎಂದು ಕೇಳಿದವನನ್ನು ನೋಡುವ ನೋಟ. ಪಾಲು ಬಿಟ್ಟವಳು ಮರೆತರೆ ಅವಳೆಂಥ ಹಿರಿಯಳು ಎಂದಳು.

ಅಲ್ಲಿಗೆ ನನಗೆ ದಾರಿ ಕಂಡಿತು. ಒಂದು ಮಡಿಲಿನ ತೂಕ ಎಷ್ಟೆಂದು ಗೊತ್ತಾದರೆ, ಬಲೆಗೆ ಎಷ್ಟು ಮಡಿಲು ಬಿಟ್ಟದ್ದು ಎಂದು ಅವಳು ಹೇಳಿದರೆ, ನೋಟ್‌ಬುಕ್ಕಿನ ನಂಬರಿನಿಂದ ಅಷ್ಟನ್ನು ಕಳೆಯಬಹುದು. ಉಳಿದದ್ದು ಮರ ಉದುರಿಸಿದ್ದು. ವರ್ಷ ಉಳಿಯುತ್ತದೆ.

ಭಾನುವಾರ, ಯುಗಾದಿಗೆ ಎರಡು ದಿನ ಇರುವಾಗ, ಬೆಳಿಗ್ಗೆ ಒಂಬತ್ತಕ್ಕೆ ಶ್ರೀನಾಥ ಬೈಕಿನಲ್ಲಿ ಬಂದ. ಅಕ್ಕನೊಂದಿಗೆ ತಿಮ್ಮಿ ಮತ್ತು ಮಹಾಲಕ್ಷ್ಮೀ ಇದ್ದರು; ಗುಡಿಸಿದ್ದು ಈ ಮೂವರೇ. ಒಂಬತ್ತಕ್ಕೇ ಬಂಡೆ ಕಾದಿತ್ತು. ಮತ್ತಿ ಮರಗಳಲ್ಲಿ ಚಿಗುರು ಬಂದಿರಲಿಲ್ಲ. ಮಡಿಲಿನ ಲೆಕ್ಕವನ್ನು ಅವನಿಗೆ ಬಿಡಿಸಿ ಹೇಳಿದೆ. ಶ್ರೀನಾಥ ಹೆಂಗಸರನ್ನು ನೋಡಿದ, ನನ್ನನ್ನು ನೋಡಿದ, ಇವರು ಹೇಳಿದ ಲೆಕ್ಕ ತೆಗೆದುಕೊಂಡು ಹೋಗಿ ಮೇಲಿನವರಿಗೆ ಏನೆಂದು ಹೇಳಲಿ ಎಂದ. ಮಡಿಲು ಎಂದರೆ ಎಷ್ಟು ಗ್ರಾಂ ಎಂದು ಯಾವ ಪುಸ್ತಕದಲ್ಲಿದೆ ಎಂದು ನಕ್ಕ. ತಿಮ್ಮಿ ಅವನ ಬೂಟುಗಳನ್ನೂ ಹಳದಿ ಹಗ್ಗವನ್ನೂ ನೋಡಿ, ಇಷ್ಟು ಸಣ್ಣ ಹಗ್ಗಕ್ಕೆ ಕಟ್ಟಿಹಾಕಿದ ಇಷ್ಟು ದೊಡ್ಡ ಗುಡ್ಡ ಎಲ್ಲಿಯೂ ನೋಡಿರಲಿಲ್ಲ ಎಂದಳು. ಮಹಾಲಕ್ಷ್ಮೀ ಸೆರಗು ಬಾಯಿಗೆ ಒತ್ತಿಕೊಂಡಳು.

ತಕ್ಕಡಿ ತೆಗೆಯಿರಿ ಎಂದೆ ನಾನು.

ಅಕ್ಕ ಹಗ್ಗದ ಹೊರಗೆ ನಿಂತು, ನೆಲದಿಂದ ದರಕು ಬಾಚಿ, ಮಡಿಲು ತುಂಬಿ, ಮೊಣಕೈಯಿಂದ ಒಮ್ಮೆ ಒತ್ತಿ, ಚೀಲಕ್ಕೆ ಸುರಿದಳು. ನೂರ ತೊಂಬತ್ತು ಗ್ರಾಂ. ಶ್ರೀನಾಥ ಮತ್ತೊಮ್ಮೆ ತುಂಬಲು ಹೇಳಿದ. ನೂರ ತೊಂಬತ್ನಾಲ್ಕು. ಬೇರೆ ಮರದ ಕೆಳಗೆ ಹೋಗಿ ತುಂಬಿರಿ ಎಂದ. ನೂರ ಎಂಬತ್ತೇಳು. ಆರು ಸಲ ತುಂಬಿದಳು, ಆರು ಸಲವೂ ಅಷ್ಟರಲ್ಲೇ ಬಂತು. ಶ್ರೀನಾಥ ನಗುವುದನ್ನು ಬಿಟ್ಟ. ಬಿಸಿಲಿಗೆ ಹೊರಗಿನ ಎಲೆ ಒಲೆಯಲ್ಲಿ ಒಣಗಿಸಿದಷ್ಟೇ ಒಣಗಿತ್ತು, ಆ ವ್ಯತ್ಯಾಸ ತಾನು ಸರಿಮಾಡುತ್ತೇನೆ ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಆಮೇಲೆ ನೋಟ್‌ಬುಕ್ಕನ್ನು ನನ್ನಿಂದ ಕಸಿದು, ಯಾರಿಗೂ ಕಾಣದ ಹಾಗೆ ಎದೆಗೆ ಹಿಡಿದು, ಮೊದಲ ಬಲೆಯ ಹತ್ತಿರ ನಿಂತ. ಮಾರ್ಚ್ ಒಂದರಿಂದ ಹದಿನೈದರವರೆಗೆ ಇದರಲ್ಲಿ ಎಷ್ಟು ಹಾಕಿದ್ದೀರಿ ಎಂದು ಕೇಳಿದ. ಅಕ್ಕನಿಗೆ ಮಾರ್ಚ್ ಗೊತ್ತಿಲ್ಲ. ಶಿವರಾತ್ರಿಯ ಮರುದಿನ ಬಂದಿದ್ದೆವು ಎಂದಳು. ಅದು ಒಂಬತ್ತನೇ ತಾರೀಕು ಎಂದು ನಾನು ಹೇಳಿದೆ.

“ಇದಕ್ಕೆ ಒಂದು,” ಎಂದಳು.

ಶ್ರೀನಾಥ ಪುಟ ನೋಡಿದ. ಇನ್ನೂರ ಎಂಬತ್ತಮೂರು ಬರೆದಿತ್ತು. ನೂರ ತೊಂಬತ್ತು ಕಳೆದರೆ ತೊಂಬತ್ತಮೂರು.

ಎರಡನೆಯ ಬಲೆ, ಹೊನ್ನೆಯ ಬುಡದ್ದು. “ಇಲ್ಲಿ ಎರಡು. ಇದರ ಬುಡದಲ್ಲೇ ಜಾಸ್ತಿ ಗುಡಿಸಿದ್ದು, ಪಾಪ ಅನಿಸ್ತು.” ಬರೆದದ್ದು ನಾನೂರ ಎಪ್ಪತ್ತೊಂದು. ಮುನ್ನೂರ ಎಂಬತ್ತು ಕಳೆದರೆ ತೊಂಬತ್ತೊಂದು.

ಮೂರನೆಯದರ ಮುಂದೆ ಅವಳು ನಿಲ್ಲಲೇ ಇಲ್ಲ. ಇದಕ್ಕೆ ಬಿಟ್ಟಿಲ್ಲ, ಇದರ ಬುಡದಲ್ಲಿ ಗುಡಿಸಿಲ್ಲ ಎಂದು ಮುಂದೆ ನಡೆದಳು. ಬರೆದದ್ದು ಎಂಬತ್ತೆಂಟು.

ಶ್ರೀನಾಥನ ಮುಖ ಬೆವರಿತ್ತು. ನಾಲ್ಕು, ಐದು, ಆರು. ಪ್ರತಿ ಬಲೆಗೂ ಫೆಬ್ರವರಿಯ ಎರಡು ಸಲ, ಮಾರ್ಚಿನ ಎರಡು ಸಲ. ಅವಳು ಹುಣ್ಣಿಮೆ ಅಮಾವಾಸ್ಯೆ ಹೇಳುತ್ತ ಹೋದಳು, ನಾನು ತಾರೀಕು ಹೇಳುತ್ತ ಹೋದೆ, ಅವನು ಕಳೆಯುತ್ತ ಹೋದ. ಕಳೆದು ಉಳಿದದ್ದು ಎಲ್ಲ ಕಡೆ ಒಂದೇ ಹದದಲ್ಲಿತ್ತು. ಫೆಬ್ರವರಿಯಲ್ಲಿ ಹಿಂದಿನ ವರ್ಷಗಳಿಗಿಂತ ಕಡಿಮೆ, ಯಾಕೆಂದರೆ ಡಿಸೆಂಬರಿನಲ್ಲೇ ಉದುರಿತ್ತು. ಮಾರ್ಚಿನಲ್ಲಿ ಮತ್ತೆ ಏರಿತ್ತು, ಯಾಕೆಂದರೆ ಎಲೆ ಕಳಚಬಾರದ ಮರಗಳೂ ಕಳಚಿದ್ದವು. ಹೀಗೇ ಆಗಬೇಕು, ಹೀಗೇ ಆಗಬೇಕು ಎಂದು ಅವನು ಎರಡು ಸಲ ಹೇಳಿದ. ಗುಡ್ಡ ಈ ವರ್ಷ ಏನು ಮಾಡಿತು ಎಂಬುದು ಆ ಮುದುಕಿಯ ತಲೆಯಿಂದ ಒಂದೊಂದು ಬಲೆಯಾಗಿ ಹೊರಗೆ ಬರುತ್ತಿತ್ತು.

ಏಳನೆಯ ಬಲೆ ಮುಗಿದಾಗ ಶ್ರೀನಾಥ ನೀರು ಕುಡಿದು, ಚೀಲದಿಂದ ಒಂದು ಹಾಳೆ ತೆಗೆದ. ನಂಬರು ಸುಮ್ಮನೆ ತಿದ್ದಲು ಬರುವುದಿಲ್ಲ, ಯಾಕೆ ತಿದ್ದಿದ್ದು ಎಂದು ಬರೆಯಬೇಕು ಎಂದ. ಬರೆಯುತ್ತ ಗಟ್ಟಿಯಾಗಿ ಓದಿದ. ಸ್ಥಳೀಯ ಮಹಿಳೆಯರು ಅತಿಕ್ರಮ ಪ್ರವೇಶ ಮಾಡಿ. ಅಕ್ಕ ಅದೆಂತದು ಎಂದು ಕೇಳಿದಳು. ಇನ್ನೊಬ್ಬರ ಜಾಗಕ್ಕೆ ಕೇಳದೆ ನುಗ್ಗುವುದು ಎಂದ.

“ಪಾಲು ಬಿಟ್ಟಿದ್ದೇವಲ್ಲ,” ಎಂದಳು ಅಕ್ಕ. “ಪಾಲು ಬಿಟ್ಟವರು ನುಗ್ಗಿದ ಹಾಗೆ ಹ್ಯಾಂಗೆ ಆತು?”

ಅದಕ್ಕೆ ಈ ಹಾಳೆಯಲ್ಲಿ ಜಾಗ ಇಲ್ಲ ಎಂದ ಅವನು. ಕೆಟ್ಟದಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದ. ಈ ಹಾಳೆ ಅರಣ್ಯದವರ ಕೈಗೆ ಹೋದರೆ ಎಂದು ಮಹಾಲಕ್ಷ್ಮೀ ಗೊಣಗಿದಳು. ತಿಮ್ಮಿ, ಗುಡ್ಡದ ದರಕೇ ಬಂದ್ ಆಗಬಹುದು ಎಂದಳು. ಅಕ್ಕ, ಬರೆದುಕೊಳ್ಳಲಿ, ಆದರೆ ತನ್ನ ಹೆಸರೊಂದನ್ನೇ ಬರೆಯಲಿ, ಈ ಇಬ್ಬರ ಹೆಸರು ಬೇಡ ಎಂದಳು. ಹಾಗೇ ಆಗಲಿ ಎಂದು ಅವನು ಹೆಸರು ಕೇಳಿದ, ಮನೆ ಎಲ್ಲಿ ಎಂದು ಕೇಳಿದ, ತಂದೆಯ ಹೆಸರು ಕೇಳಿದ. ಅಕ್ಕ ಹೇಳಿದಳು.

ಅವನ ಪೆನ್ನು ನಿಂತಿತು. ಆ ಹೆಸರು ಅವನಿಗೆ ಗೊತ್ತಿತ್ತು. ನನ್ನ ಕೆಲಸದ ಕಾಗದದಲ್ಲಿ ನನ್ನ ಹೆಸರಿನ ಕೆಳಗೆ ಇರುವ ಹೆಸರು ಅದೇ.

“ನಿಮ್ಮ ಅಕ್ಕನಾ?” ಎಂದ ನನ್ನ ಕಡೆ ತಿರುಗಿ.

ಹೌದೆಂದೆ. ಅದರಲ್ಲಿ ಎಂತ ಇದೆ ಎಂದೆ.

ಎಂತ ಇದೆಯೆಂದು ಅವನು ಹೇಳಿದ. ಕಾಯುವವನು ತಮ್ಮ, ಒಯ್ಯುವವಳು ಅಕ್ಕ. ಬುಧವಾರ ಆಫೀಸಿನಲ್ಲಿ ಎಲೆ ತಿರುಗಿಸಿ ನೋಡಿದ ಕೂಡಲೆ ಗೊತ್ತಾಗಿತ್ತು, ಆದರೂ ಹೇಳಲಿಲ್ಲ. ಈ ವರ್ಷದ್ದು ಸಿಕ್ಕಿಬಿತ್ತು, ಹಿಂದಿನ ಐದು ವರ್ಷ ಏನು ನಡೆದಿದೆ ಎಂದು ಯಾರಿಗೆ ಗೊತ್ತು? ಮನೆಯಲ್ಲಿ ಕೂತು ಮಡಿಲಿನ ತೂಕ, ಬಲೆಯ ಲೆಕ್ಕ ಎಲ್ಲ ಮೊದಲೇ ಮಾತಾಡಿಕೊಂಡು ಬಂದಿಲ್ಲ ಎಂದು ಹೇಗೆ ನಂಬಲಿ? ನೋಟ್‌ಬುಕ್ಕು ನಿಮ್ಮ ಹತ್ತಿರ ಇತ್ತಲ್ಲ ಎಂದ.

“ಆರು ವರ್ಷದ್ದೂ ಸೇರಿಸಿ ಹೊಳೆಗೆ ಹಾಕ್ಬೇಕಷ್ಟೇ, ಶುಕ್ರಣ್ಣ. ಎಲ್ಲಾ ನಿಮ್ಮ ಮನೆಯೊಳಗಿನ ಲೆಕ್ಕ.”

2018ರಿಂದ ಒಂದು ತಾರೀಕು ತಪ್ಪಿಸಿದವನಲ್ಲ ನಾನು. ಜ್ವರ ಬಂದಾಗ ಹತ್ತಿದ್ದೆ, ಕೊರೊನಾ ಬಂದಾಗ ಪೊಲೀಸರ ಲಾಠಿ ತಪ್ಪಿಸಿ ಚೀಲ ಹೊತ್ತು ನಡೆದೇ ಕುಮಟಾಕ್ಕೆ ಹೋಗಿದ್ದೆ. ಒಂದು ಗ್ರಾಂ ಹೆಚ್ಚು ಕಡಿಮೆ ಬರೆದವನಲ್ಲ. ಸಿಟ್ಟು ಬಂದದ್ದು ಶ್ರೀನಾಥನ ಮೇಲೆ. ಅವನ ಕುತ್ತಿಗೆ ಹಿಡಿಯಬೇಕಿತ್ತು. ಆದರೆ ಬಾಯಿ ತಿರುಗಿದ್ದು ಹತ್ತಿರ ನಿಂತವಳ ಕಡೆ. ಯಾವಾಗಲೂ ಹೀಗೇ ಆಗುತ್ತದೆ.

“ಈ ಕಳ್ಳಿ ಕದ್ದದ್ದಕ್ಕೆ ನನ್ನ ಹೆಸರು ಎಂತಕೆ ಹೇಳ್ತ್ರಿ?” ಎಂದು ಕೂಗಿದೆ. “ಹಗ್ಗ ದಾಟಿದ್ದು ಅದು. ಕದ್ದದ್ದು ಅದು. ನಾನು ಕದ್ದಿಲ್ಲ. ನನಗೂ ಅದಕ್ಕೂ ಸಂಬಂಧ ಇಲ್ಲ, ಹಾಗೇ ಬರ್ಕೊಳ್ಳಿ.”

ಗುಡ್ಡದಲ್ಲಿ ಕೂಗಿದ ಮಾತು ಕೆಳಗಿನ ಮನೆಗಳವರೆಗೆ ಕೇಳುತ್ತದೆ. ತಿಮ್ಮಿ ಮುಖ ಬೇರೆ ಕಡೆ ತಿರುಗಿಸಿದಳು. ಅಕ್ಕ ಎಂಟನೆಯ ಬಲೆಯ ಗೂಟಕ್ಕೆ ಕೈ ಊರಿ ನಿಂತಿದ್ದಳು. ನಾಲಗೆಯ ತುದಿಗೆ ಬಂದ ಸಂಖ್ಯೆಯೊಂದು ಅವಳ ಬಾಯಲ್ಲೇ ಇತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಅವಳು ಮಡಿಲಿಗೆ ಅಂಟಿದ್ದ ಎಲೆಯ ಚೂರುಗಳನ್ನು ನಿಧಾನ ಕೊಡವಿದಳು.

“ಕಳ್ಳಿ ಹೇಳಿದ ಲೆಕ್ಕ ನಿಮಗೆಂತಕೆ?” ಎಂದಳು. ನಮ್ಮಿಬ್ಬರಿಗೂ ಸೇರಿಸಿ ಹೇಳಿದ್ದು ಅದು. ನನ್ನನ್ನು ಬಹುವಚನದಲ್ಲಿ ಅವಳು ಕರೆದದ್ದು ಅದೊಂದೇ ಸಲ.

ಹಗ್ಗ ಎತ್ತಿ, ಬಗ್ಗಿ, ಹೊರಗೆ ಹೋದಳು. ಕಲ್ಲು ದಾರಿಯಲ್ಲಿ ಇಳಿದಳು. ತಿಮ್ಮಿ, ಮಹಾಲಕ್ಷ್ಮೀ ಹಿಂದಿನಿಂದ ಹೋದರು. ಶ್ರೀನಾಥ ಹಾಳೆ ಹಿಡಿದುಕೊಂಡೇ ಹಗ್ಗದವರೆಗೆ ಓಡಿ, ಗಣಪಕ್ಕ, ಗಣಪಕ್ಕ ಎಂದು ಕರೆದ. ಅವಳ ಹೆಸರಿಗೆ ಅಕ್ಕ ಎಂದು ಸೇರಿಸಲು ಅವನಿಗೆ ಆಗ ನೆನಪಾಯಿತು. ಅವಳು ನಿಲ್ಲಲಿಲ್ಲ. ಆ ಇಬ್ಬರನ್ನಾದರೂ ನಿಲ್ಲಿಸಿ ಕೇಳಿ ಎಂದ ನನಗೆ. ಅವರು ತಿರುಗಿ ನೋಡಿದವರಲ್ಲ, ಅವರಿಗೆ ಗೊತ್ತಿಲ್ಲ ಎಂದೆ.

ಹದಿಮೂರು ಬಲೆಗಳು ಉಳಿದಿದ್ದವು. ಅವನು ಬಂಡೆಯ ಮೇಲೆ ಕೂತ. ಏಳು ಬಲೆಯಿಂದ ಏನೂ ಆಗುವುದಿಲ್ಲವೇ ಎಂದು ಕೇಳಿದೆ. ಆಗುವುದಿಲ್ಲ ಎಂದ. ಬಿಸಿಲು ನೆತ್ತಿಗೆ ಬಂತು. ಮರಗಳಲ್ಲಿ ಎಲೆ ಇಲ್ಲದ್ದರಿಂದ ಕೂರಲು ನೆರಳಿರಲಿಲ್ಲ.

“ಬರ್ತಾರಾ?” ಎಂದ.

ಬತ್ತದೆ ಎಂದೆ. ಸಿಟ್ಟು ಇಳಿದ ಮೇಲೆ ಬತ್ತದೆ ಎಂದೆ. ಮೂರು ಗಂಟೆಯವರೆಗೆ ಕೂತೆವು. ಯುಗಾದಿ ಕಳೆಯಿತು. ಶ್ರೀನಾಥ ಅವಳ ಮನೆಗೇ ಎರಡು ಸಲ ಹೋಗಿ ಬಂದ. ಕುಡಿಯಲು ಮಜ್ಜಿಗೆ ಕೊಟ್ಟು, ತನಗೆ ಏನೂ ನೆನಪಿಲ್ಲ ಎಂದಳಂತೆ. ನಾನು ಹೋಗಲಿಲ್ಲ. ಅವಳು ಮತ್ತೆ ಗುಡ್ಡ ಹತ್ತಲಿಲ್ಲ.